ಕಟ್ಟೆ ಇಲ್ಲದ ಮನೆಗಳು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು ನಾನು. ಬಾದಾಮಿಯ ಗುಹೆಗಳು, ಐಹೊಳೆಯ ಗುಡಿಗಳು, ವಿಜಾಪುರದ ಗೋಳಗುಮ್ಮಟ ಇವನ್ನೆಲ್ಲ ವರ್ಷಕ್ಕೊಮ್ಮೆ ಮಕ್ಕಳಿಗೆ ತೋರಿಸಿಕೊಂಡು ಬರುತ್ತಿದ್ದೆ. ಕಲ್ಲಿನಲ್ಲಿ ಕಟ್ಟಿದ್ದಷ್ಟೇ ಇತಿಹಾಸ, ಮಣ್ಣಿನಲ್ಲಿ ಕಟ್ಟಿದ್ದು ಇತಿಹಾಸವಲ್ಲ ಎನ್ನುವಂತಿವೆ ನಮ್ಮ ಪಠ್ಯಪುಸ್ತಕಗಳು. ಅರಸ ಎಲ್ಲಿ ಒಡ್ಡೋಲಗ ಕೊಡುತ್ತಿದ್ದ, ರಾಣಿ ಎಲ್ಲಿ ಜಳಕ ಮಾಡುತ್ತಿದ್ದಳು ಎಂಬುದೆಲ್ಲ ನಮಗೆ ಗೊತ್ತು. ಒಕ್ಕಲಿಗನ ಮುದಿ ತಾಯಿ ಮನೆಯ ಯಾವ ಮೂಲೆಯಲ್ಲಿ ಮಲಗುತ್ತಿದ್ದಳು, ಹೊತ್ತು ಹೇಗೆ ಕಳೆಯುತ್ತಿದ್ದಳು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ನಾನೀಗ ಬರೆಯಹೊರಟಿರುವುದು ಅಂಥ ಒಂದು ಸಣ್ಣ ಇತಿಹಾಸ. ಮನೆಗೂ ಮುಪ್ಪಿಗೂ ಮನಸ್ಸಿಗೂ ಇರುವ ಸಂಬಂಧದ್ದು. ಇದಕ್ಕೆ ಸಾಕ್ಷಿಯಾಗಿ ನನ್ನ ಬಳಿ ಇರುವುದು ನೀರಿನೊಳಗೆ ಹೋದ ನಮ್ಮ ಊರು, ಮತ್ತು ಆ ಊರಿನ ಹಿರಿಯರು.

ನಮ್ಮೂರು ಘಟಪ್ರಭೆಯ ದಂಡೆಯಲ್ಲಿತ್ತು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮ ಅಲ್ಲಿಂದ ದೂರವಲ್ಲ. ಬಾಗಲಕೋಟೆ, ಬೀಳಗಿ ಸೀಮೆಯ ಮನೆಗಳನ್ನು ನೋಡದವರಿಗೆ ಅವುಗಳ ರಚನೆಯನ್ನು ತುಸು ವಿವರಿಸಬೇಕು. ಎರಡು ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಚಿಲಿಕೆ, ಅದರ ಮೇಲೆ ಒಂದೂವರೆ ಎರಡು ಅಡಿ ಮಣ್ಣು. ಇದು ಮಾಳಿಗೆ. ಮಳೆಗಾಲದ ಮುಂಚೆ ಸವುಳು ಮಣ್ಣು ತಂದು ಹಾಕಿ ತುಳಿದರೆ ಸೋರುತ್ತಿರಲಿಲ್ಲ, ತುಳಿಯದಿದ್ದರೆ ಸೋರುತ್ತಿತ್ತು. ಮಾಳಿಗೆಯ ನಡುವೆ ಬೆಳಕಿಂಡಿ. ಹೊತ್ತು ಏರಿದಂತೆ ಅದರಿಂದ ಬಿದ್ದ ಬಿಸಿಲಿನ ಬಿಲ್ಲೆ ನೆಲದ ಮೇಲೆ ಸರಿಯುತ್ತಿತ್ತು. ಗಡಿಯಾರವಿಲ್ಲದ ನಮ್ಮ ಮುತ್ಯಾ ಅದನ್ನೇ ನೋಡಿ ಹೊತ್ತು ಹೇಳುತ್ತಿದ್ದ. ತಲಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಅಡಿಗೆ ಮನೆ ಮತ್ತು ದೇವರ ಜಗಲಿ. ತಲಬಾಗಿಲಿನ ಹೊರಗೆ ಎರಡೂ ಕಡೆ ಕಲ್ಲಿನ ಕಟ್ಟೆ.

ಆ ಕಟ್ಟೆಯೇ ಮನೆಯ ಹಿರಿಯರ ಕೋಣೆ. ಹಾಗೆಂದು ಯಾರೂ ಹೇಳುತ್ತಿರಲಿಲ್ಲ, ಆದರೆ ಇದ್ದದ್ದು ಹಾಗೆಯೇ. ವಯಸ್ಸು ಅರವತ್ತು ದಾಟಿ ಮೊಣಕಾಲು ಹಿಡಿದುಕೊಂಡಿತೆಂದರೆ ಗಂಡಸು ಹೊಲದಿಂದ ಕಟ್ಟೆಗೆ ಬರುತ್ತಿದ್ದ. ಹೆಂಗಸು ಒಲೆಯಿಂದ ಪಡಸಾಲೆಗೆ, ಸಂಜೆಯಾದರೆ ಅವಳೂ ಕಟ್ಟೆಗೆ. ಕಟ್ಟೆಯ ಮೇಲೆ ಕೂತವನಿಗೆ ಕೆಲಸವಿತ್ತು. ಹಗ್ಗ ಹೊಸೆಯುವುದು, ಮೊಮ್ಮಕ್ಕಳನ್ನು ಕಾಯುವುದು, ದಾರಿಹೋಕರನ್ನು ಮಾತಾಡಿಸುವುದು, ಯಾರ ಎತ್ತು ಕುಂಟುತ್ತಿದೆ, ಯಾರ ಮಗಳು ತವರಿಗೆ ಬಂದಳು ಎಂಬ ಲೆಕ್ಕ ಇಡುವುದು. ಅವನು ಯಾರನ್ನೂ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಊರೇ ಅವನ ಮುಂದೆ ಹಾಯ್ದು ಹೋಗುತ್ತಿತ್ತು.

ಅಣೆಕಟ್ಟಿನ ಕತೆ ಎಲ್ಲರಿಗೂ ಗೊತ್ತಿರುವುದೇ. ಬೇಗ ಹೇಳಿ ಮುಗಿಸುತ್ತೇನೆ. ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ, ಲಾಲ್ ಬಹಾದೂರ್ ಶಾಸ್ತ್ರಿಯವರು. ಬಚಾವತ್ ನ್ಯಾಯಾಧಿಕರಣ ತೀರ್ಪು ಕೊಟ್ಟದ್ದು 1973ರಲ್ಲಿ, ಅದು ಅಂತಿಮಗೊಂಡದ್ದು 1976ರಲ್ಲಿ. ಎತ್ತರದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2000ನೆಯ ಏಪ್ರಿಲಿನಲ್ಲಿ 519.6 ಮೀಟರಿಗೆ ಒಪ್ಪಿಗೆ ಸಿಕ್ಕಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಬಂದು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಅಡಿಗಲ್ಲಿನಿಂದ ಅರ್ಪಣೆಗೆ 42 ವರ್ಷ. ಅಡಿಗಲ್ಲು ಹಾಕಿದಾಗ ಮೀಸೆ ಮೂಡುತ್ತಿದ್ದ ಹುಡುಗ ಅರ್ಪಣೆಯ ಹೊತ್ತಿಗೆ ಮುದುಕನಾಗಿದ್ದ. ನೂರಕ್ಕೂ ಹೆಚ್ಚು ಹಳ್ಳಿಗಳು, ಹಳೆಯ ಬಾಗಲಕೋಟೆಯ ದೊಡ್ಡ ಭಾಗ ನೀರಿಗೆ ಹೋದವು. ಅದರಿಂದ ಒಣ ಸೀಮೆಯ ಲಕ್ಷಾಂತರ ಎಕರೆ ಹಸಿರಾಯಿತು ಎಂಬುದೂ ನಿಜ. ಆ ನೀರು ಕುಡಿದು ಬೆಳೆದ ಕಬ್ಬನ್ನು, ಜೋಳವನ್ನು ನಾನೂ ಉಂಡಿದ್ದೇನೆ. ಆ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಮನೆಯನ್ನು ಅಳೆಯಲು ಬಂದರು. ಬಂದವರು ಒಳ್ಳೆಯ ಹುಡುಗರು, ಮೂವರು. ಗೋಡೆಯ ಉದ್ದ, ದಪ್ಪ, ಎತ್ತರ ಬರೆದುಕೊಂಡರು. ತೊಲೆ ಎಷ್ಟು, ಕಂಬ ಎಷ್ಟು, ಬಾಗಿಲು ಎಷ್ಟು, ಯಾವುದು ಸಾಗವಾನಿ, ಯಾವುದು ಜಾಲಿ ಎಂದು ಎಣಿಸಿದರು. ನಮ್ಮ ದೊಡ್ಡಪ್ಪ ಅವರ ಹಿಂದೆಯೇ ಸುತ್ತುತ್ತಿದ್ದ. ಕೊನೆಗೆ ಹೊರಗೆ ಬಂದು ಕಟ್ಟೆಯನ್ನು ತೋರಿಸಿ, “ಇದನ್ನ ಬರಕೊಂಡ್ರೇನ್ರೀ?” ಎಂದು ಕೇಳಿದ. “ಬರಕೊಂಡೇವಿ ಯಜಮಾನ್ರ. ಕಲ್ಲಿನ ಕೆಲಸದಾಗ ಬರತೈತಿ” ಎಂದ ಒಬ್ಬ ಹುಡುಗ. ತಪ್ಪೇನೂ ಹೇಳಲಿಲ್ಲ ಅವನು. ಕಟ್ಟೆ ಕಲ್ಲಿನ ಕೆಲಸವೇ. ಇಷ್ಟು ಘನ ಅಡಿ, ಇಷ್ಟು ದರ. ಅದರ ಮೇಲೆ ಕೂತಿದ್ದ ಎಪ್ಪತ್ತು ವರ್ಷಗಳಿಗೆ ಆ ಪುಸ್ತಕದಲ್ಲಿ ಕಾಲಮ್ಮು ಇರಲಿಲ್ಲ.

ಪುನರ್ವಸತಿ ಕೇಂದ್ರದಲ್ಲಿ ನಮಗೆ ಸಿಕ್ಕದ್ದು ಒಂದು ನಿವೇಶನ. ನೇರವಾದ ರಸ್ತೆ, ಗಟಾರು, ವಿದ್ಯುತ್ ಕಂಬ, ದೂರದಲ್ಲೊಂದು ಶಾಲೆ. ನೆಲ ಗರಸು. ಗಿಡವೆಂಬುದು ಇಲ್ಲ. ಪರಿಹಾರದ ಹಣ ಕಂತುಕಂತಾಗಿ ಬಂದದ್ದರಿಂದ ಮೊದಲ ಎರಡು ಬೇಸಗೆಗಳನ್ನು ನಮ್ಮವರು ತಗಡಿನ ಶೆಡ್ಡಿನಲ್ಲಿ ಕಳೆದರು. ಹಳೆಯ ಮಾಳಿಗೆಯ ಕೆಳಗೆ ಏಪ್ರಿಲ್ ತಿಂಗಳಲ್ಲೂ ಮಧ್ಯಾಹ್ನ ಕೌದಿ ಹಾಸಿ ಮಲಗಬಹುದಿತ್ತು. ತಗಡಿನ ಕೆಳಗೆ ಹತ್ತು ಗಂಟೆಗೇ ರೊಟ್ಟಿಯ ಹಂಚಿನ ಮೇಲೆ ಇದ್ದಂತೆ. ಹುಡುಗರು ಬೇವಿನ ನೆರಳು ಹುಡುಕಿಕೊಂಡು ಹೋಗುತ್ತಿದ್ದರು, ಹೆಂಗಸರು ಕೂಲಿಗೆ ಹೋಗುತ್ತಿದ್ದರು. ಎಲ್ಲಿಗೂ ಹೋಗಲಾರದವರು ಇಬ್ಬರೇ: ಎಳೆಗೂಸು ಮತ್ತು ಮುದುಕ.

ಆಮೇಲೆ ಸ್ಲಾಬು ಮನೆ ಎದ್ದಿತು. ಎರಡು ಕೋಣೆ, ಒಂದು ಅಡಿಗೆ ಮನೆ, ಸಿಮೆಂಟಿನ ನೆಲ. ಹಳೆಯ ಮನೆಯ ತಲಬಾಗಿಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದೆವು. ಹೊಸ ಗೋಡೆಗೆ ಅದು ಕೂಡಲಿಲ್ಲ, ಮಾರಿದೆವು. ಮಳೆಗಾಲದಲ್ಲಿ ಗೋಡೆಗೆ ತಂಪು ಏರುತ್ತಿತ್ತು, ಬೇಸಗೆಯಲ್ಲಿ ಸ್ಲಾಬು ರಾತ್ರಿ ಹನ್ನೆರಡರವರೆಗೂ ಕಾವು ಬಿಡುತ್ತಿತ್ತು. ಬಾಗಿಲು ತೆರೆದರೆ ನೇರ ರಸ್ತೆ, ನಡುವೆ ಕಟ್ಟೆ ಇಲ್ಲ. ಬಾಗಿಲು ಮುಚ್ಚಿದರೆ ಮನೆ, ತೆರೆದರೆ ಬೀದಿ. ಎರಡರ ನಡುವೆ ನಿಲ್ಲುವುದಕ್ಕೆ ಜಾಗವಿರಲಿಲ್ಲ.

ದೊಡ್ಡಪ್ಪ ಮೊದಲ ವರ್ಷ ಮಾತಾಡುತ್ತಿದ್ದ, ಜಗಳವಾಡುತ್ತಿದ್ದ. ಎರಡನೆಯ ವರ್ಷ ಜಗಳ ನಿಂತಿತು. ನಮಗೆಲ್ಲ ಅದರಿಂದ ಸಮಾಧಾನವೇ ಆಯಿತು, ಹೊಂದಿಕೊಂಡ ಎಂದುಕೊಂಡೆವು. ಮೂರನೆಯ ವರ್ಷ ಊಟ ಅರ್ಧವಾಯಿತು. ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಿದ್ದ. ಮೈಯೆಲ್ಲ ನೋವು ಎನ್ನುತ್ತಿದ್ದ. ಮೊಮ್ಮಕ್ಕಳ ಹೆಸರು ತಪ್ಪಿಸುತ್ತಿದ್ದ. “ಅರಳುಮರಳು” ಎಂದರು ಮನೆಯವರು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಊರಿನ ಗೋಡೆಗಳು, ಅಗಸಿಯ ಕಲ್ಲುಗಳು ಹೊರಬೀಳುತ್ತಿದ್ದವು. ಆರು ಮೈಲಿ ನಡೆದು ಹೋಗಿ ಅಲ್ಲಿ ಕೂತು ಬರುತ್ತಿದ್ದ. ಒಮ್ಮೆ ನಾನೇ ಹುಡುಕಿಕೊಂಡು ಹೋದೆ. “ಯಾಕ ಬಂದ್ರಿ ದೊಡ್ಡಪ್ಪಾ, ಈ ಬಿಸಲಾಗ?” ಎಂದೆ. “ಇಲ್ಲಿ ಕುಂತರ ಯಾರಿಗೂ ಅಡ್ಡ ಆಗೂದಿಲ್ಲ ತಮ್ಮಾ” ಎಂದ. ಮನೆಯಲ್ಲಿ ಯಾರೂ ಅವನನ್ನು ಅಡ್ಡ ಎಂದಿರಲಿಲ್ಲ. ಆದರೆ ಮನೆ ಹಾಗೆ ಹೇಳುತ್ತಿತ್ತು. ಎರಡು ಕೋಣೆಯ ಮನೆಯಲ್ಲಿ ಅವನ ಹೊರಸು ಎಲ್ಲಿ ಹಾಕಿದರೂ ಯಾರಾದರೊಬ್ಬರ ಕಾಲಿಗೆ ತಾಕುತ್ತಿತ್ತು.

ಊರಲ್ಲಿ ಅವನೊಬ್ಬನೇ ಹೀಗಿದ್ದನೆಂದಲ್ಲ. ಶಾಲೆಯ ರಜೆಯಲ್ಲಿ ನಾನು ಓಣಿಓಣಿ ತಿರುಗಿ ಹಿರಿಯರನ್ನು ಮಾತಾಡಿಸುವ ರೂಢಿ ಇಟ್ಟುಕೊಂಡೆ. ಯಾರೂ ದುಃಖ ಎಂಬ ಶಬ್ದ ಬಳಸುತ್ತಿರಲಿಲ್ಲ. “ಜೀವಕ್ಕ ಬ್ಯಾಸರ”, “ಎದಿ ಭಾರ”, “ನಿದ್ದಿ ಹತ್ತೂದಿಲ್ಲ”, “ಹೊಟ್ಯಾಗ ಸಂಕಟ” ಇಂಥ ಮಾತುಗಳು. ಇವೆಲ್ಲ ಮೈಯ ಮಾತುಗಳು, ಆದ್ದರಿಂದ ಮೈಗೆ ಔಷಧಿ ತರುತ್ತಿದ್ದರು. ಶಕ್ತಿಯ ಇಂಜೆಕ್ಷನ್ನು, ಕೆಂಪು ಟಾನಿಕ್ಕು. ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ ಮನೆಯವರು ಬೆಚ್ಚುತ್ತಿದ್ದರು. ನಮ್ಮ ಕಡೆ “ಧಾರವಾಡಕ್ಕ ಕಳಸಬೇಕು” ಎಂದರೆ ಹುಚ್ಚು ಎಂದರ್ಥ. 1845ರಷ್ಟು ಹಿಂದೆಯೇ ಅಲ್ಲಿ ಹುಚ್ಚಾಸ್ಪತ್ರೆ ಆರಂಭವಾದದ್ದರಿಂದ ಒಂದೂವರೆ ಶತಮಾನದ ಭಯ ಆ ಮಾತಿನಲ್ಲಿ ಕೂತಿದೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿ, ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಕಾಯಿಲೆಗೆ ಔಷಧಿ ಕೊಡಬಹುದೆಂದು ತೋರಿಸಿಕೊಟ್ಟಿತ್ತು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆಲ್ಲ ಹರಡತೊಡಗಿತು. ಆದರೆ ನಮ್ಮ ಓಣಿಗೆ ಆ ಸುದ್ದಿ ಆಗ ತಲುಪಿರಲಿಲ್ಲ.

ಇತಿಹಾಸದ ಮೇಷ್ಟರಿಗೆ ಒಂದು ಚಟ ಇರುತ್ತದೆ. ತನ್ನ ಊರಲ್ಲಿ ಆದದ್ದು ಬೇರೆ ಕಡೆಯೂ ಆಗಿತ್ತೇ ಎಂದು ಹುಡುಕುವುದು. ಆಗಿತ್ತು. ಅಮೆರಿಕದ ಬೋಸ್ಟನ್ ನಗರದಲ್ಲಿ ವೆಸ್ಟ್ ಎಂಡ್ ಎಂಬ ಓಣಿ. ಬಹುಪಾಲು ಇಟಲಿಯಿಂದ ಬಂದ ದುಡಿಯುವ ಜನ. ಅಧಿಕಾರಿಗಳ ಕಣ್ಣಿಗೆ ಅದು ಕೊಳೆಗೇರಿ. 1958ರಿಂದ 1960ರೊಳಗೆ ಅದನ್ನು ಕೆಡವಿ ಜನರನ್ನು ಚದುರಿಸಿದರು. ಮಾರ್ಕ್ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞ ಅಲ್ಲಿಂದ ಎಬ್ಬಿಸಲ್ಪಟ್ಟವರನ್ನು ಮೊದಲೂ ಆಮೇಲೂ ಮಾತಾಡಿಸಿ 1963ರಲ್ಲಿ ಒಂದು ಲೇಖನ ಬರೆದ. ಕಳೆದುಹೋದ ಮನೆಗಾಗಿ ಜನ ಶೋಕಿಸುತ್ತಾರೆ, ಸತ್ತವರಿಗಾಗಿ ಶೋಕಿಸಿದಂತೆಯೇ, ಎಂಬುದು ಅವನ ಮಾತಿನ ಸಾರ. ಅವನು ಮಾತಾಡಿಸಿದ ಹೆಂಗಸರಲ್ಲಿ ನೂರಕ್ಕೆ 46 ಮಂದಿಯಲ್ಲಿ ತೀವ್ರವಾದ ಶೋಕದ ಲಕ್ಷಣಗಳಿದ್ದವು. ಹಲವರಿಗೆ ಸಿಕ್ಕ ಹೊಸ ಮನೆ ಹಳೆಯದಕ್ಕಿಂತ ಗಟ್ಟಿಯಾಗಿತ್ತು, ಚೊಕ್ಕಟವಾಗಿತ್ತು. ಆದರೂ ಶೋಕವಿತ್ತು.

ಲಂಡನ್ನಿನ ಪೂರ್ವ ಭಾಗದ ಬೆತ್ನಲ್ ಗ್ರೀನ್ ಎಂಬಲ್ಲಿಯೂ ಹೀಗೆಯೇ. ಅದೇ ಐವತ್ತರ ದಶಕದಲ್ಲಿ ಮೈಕೆಲ್ ಯಂಗ್ ಮತ್ತು ಪೀಟರ್ ವಿಲ್‌ಮಟ್ ಅಲ್ಲಿನ ಇಕ್ಕಟ್ಟಿನ ಮನೆಗಳಿಂದ ಊರಾಚೆಯ ಹೊಸ ಬಡಾವಣೆಗೆ ಹೋದ ಕುಟುಂಬಗಳನ್ನು ಹಿಂಬಾಲಿಸಿದರು. ಅವರ ಸಂಗಡಿಗ ಪೀಟರ್ ಟೌನ್‌ಸೆಂಡ್ ಅಲ್ಲಿಯೇ 203 ಮಂದಿ ವೃದ್ಧರನ್ನು ಅವರವರ ಮನೆಗೇ ಹೋಗಿ ಮಾತಾಡಿಸಿದ. ಎರಡೂ ಪುಸ್ತಕಗಳು ಬಂದದ್ದು 1957ರಲ್ಲಿ. ಅವರು ಕಂಡದ್ದು ನಮ್ಮ ಯಾವ ಅಜ್ಜಿಯಾದರೂ ಹೇಳಬಹುದಾದ ಸಂಗತಿ: ಮಗಳ ಮನೆ ಹತ್ತು ಹೆಜ್ಜೆಯಲ್ಲಿದ್ದರೆ ಮುಪ್ಪು ಹಗುರ. ಎಳೆಯ ಜೋಡಿಗೆ ಹೊಸ ಮನೆ ಕೊಟ್ಟು ದೂರ ಕಳಿಸಿದಾಗ, ಹಿಂದೆ ಉಳಿದ ಮುದಿ ತಾಯಿಯ ಮನೆ ಅದೇ ಇದ್ದರೂ ಬರಿದಾಗುತ್ತದೆ. ಮನೆಯ ಗುಣ ಬರೀ ಗೋಡೆಯೊಳಗಿನ ಸಂಗತಿಯಲ್ಲ, ಗೋಡೆಯಾಚೆ ಯಾರಿದ್ದಾರೆ ಎಂಬುದೂ ಅದರ ಗುಣವೇ. ಇದನ್ನು ಓದಿದಾಗ, ಘಟಪ್ರಭೆಯ ದಂಡೆಯ ಮುದುಕನಿಗೂ ಥೇಮ್ಸ್ ದಂಡೆಯ ಮುದುಕಿಗೂ ಬಹಳ ಅಂತರವಿಲ್ಲ ಎನಿಸಿತು.

ಇಷ್ಟು ಹೇಳಿದ ಮೇಲೆ, ಹಳೆಯದೆಲ್ಲ ಹೊನ್ನು ಎಂಬ ಹಾಡು ಹಾಡುತ್ತಿದ್ದೇನೆಂದು ಓದುಗರು ತಿಳಿಯಬಾರದು. ನಮ್ಮ ಓಣಿಯಲ್ಲೇ ಒಬ್ಬ ವಿಧವೆ ಅಜ್ಜಿ ಇದ್ದಳು. ಅವಳನ್ನು ಕೇಳಿದಾಗ, “ಹಳೇ ಮನಿ ನೆನಸಬ್ಯಾಡ ತಮ್ಮಾ, ಐವತ್ತು ವರ್ಷ ಆ ಹೊಗ್ಯಾಗ ಕಣ್ಣು ಕಳಕೊಂಡೇನಿ” ಎಂದಳು. ಅವಳಿಗೆ ಹೊಸ ಮನೆಯಲ್ಲಿ ಬೇಕಾದ್ದು ಸಿಕ್ಕಿತ್ತು. ಬಾಗಿಲಲ್ಲಿ ನಳ, ಹಿತ್ತಲಲ್ಲಿ ಪಾಯಖಾನೆ. ಹಳೆಯ ಊರಲ್ಲಿ ಕತ್ತಲಾಗುವವರೆಗೆ ಹೊಟ್ಟೆ ಕಟ್ಟಿಕೊಂಡಿದ್ದು, ಕೋಲೂರಿಕೊಂಡು ಬಯಲಿಗೆ ಹೋಗಬೇಕಿತ್ತು. ಕಟ್ಟೆ ಗಂಡಸರದಾಗಿತ್ತು, ಹೊಗೆ ಹೆಂಗಸರದಾಗಿತ್ತು. ಗಂಡಸರು ಕಟ್ಟೆಗಾಗಿ ಹಂಬಲಿಸುವಾಗ ಇದನ್ನು ಮರೆಯುತ್ತಾರೆ. ಇನ್ನೊಂದು ಮಾತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರನ್ನು ಕೊಂದದ್ದು ಇಂಥವೇ ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಭಾರವಾದ ಮಣ್ಣಿನ ಮಾಳಿಗೆಗಳು. ಬೇಸಗೆಯಲ್ಲಿ ತಂಪು ಕೊಡುವ ಮಾಳಿಗೆಯೇ ಒಂದು ರಾತ್ರಿ ಗೋರಿಯೂ ಆಗಬಹುದು. ಆದ್ದರಿಂದ ಹಳೆಯ ಮನೆ ಒಳ್ಳೆಯದು, ಹೊಸದು ಕೆಟ್ಟದ್ದು ಎಂಬ ಗೆರೆ ಎಳೆಯಲು ಬರುವುದಿಲ್ಲ. ಹಳೆಯ ಮನೆಯ ಯಾವ ಭಾಗ ಮುಪ್ಪನ್ನು ಹೊರುತ್ತಿತ್ತು, ಹೊಸ ಮನೆಯ ಯಾವ ಭಾಗ ಅದನ್ನು ಹೊರಬಲ್ಲದು ಎಂದು ನೋಡಬೇಕು.

ಮನೆ ಬಿಟ್ಟವರ ಕತೆಗಿಂತ ಬಿಡಬೇಕೆಂದು ಕಾದವರ ಕತೆ ಇನ್ನೂ ಉದ್ದ. ಮುಳುಗಡೆಯ ಗೆರೆಯೊಳಗೆ ಬಂದ ಮನೆಗೆ ಯಾರು ಸುಣ್ಣ ಹಚ್ಚುತ್ತಾರೆ? ಹೇಗೂ ಹೋಗುವ ಮನೆ ಎಂದು ಮಾಳಿಗೆಗೆ ಮಣ್ಣು ಹಾಕುವುದಿಲ್ಲ, ಸಡಿಲಾದ ತೊಲೆಗೆ ಆನಿಕೆ ಕೊಡುವುದಿಲ್ಲ. ಮಗನ ಮದುವೆಯಾದರೂ ಒಂದು ಕೋಣೆ ಹೆಚ್ಚು ಕಟ್ಟುವುದಿಲ್ಲ. ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಬಹುದೆಂದಿತು. ಇನ್ನೂ 20 ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ಭಾಗ ಮುಳುಗುವ ಪಟ್ಟಿಗೆ ಸೇರಿದವು. ಆಮೇಲೆ ದಾವೆಗಳು, ವರ್ಷಗಟ್ಟಲೆ ಕಾಯುವಿಕೆ. ಇಂಥ ಒಂದು ಊರಲ್ಲಿ ನನ್ನ ಬೀಗರೊಬ್ಬರು ಸೋರುವ ಮಾಳಿಗೆಯ ಕೆಳಗೆ ಮೂರು ಕಡೆ ಪಾತ್ರೆ ಇಟ್ಟುಕೊಂಡು ಹತ್ತು ಮಳೆಗಾಲ ಕಳೆದರು. “ಮನಿ ಮುಳಗಲಿಲ್ಲ, ಏಳಲಿಲ್ಲ ನೋಡ್ರೀ, ನಡು ನೀರಾಗ ನಿಂತಂಗ ಆತು” ಎನ್ನುತ್ತಿದ್ದರು. ಎಂಬತ್ತರ ವಯಸ್ಸಿನವನಿಗೆ ಹತ್ತು ವರ್ಷ ಎಂದರೆ ಉಳಿದ ಆಯುಷ್ಯವೆಲ್ಲ ಅದೇ. ಸರಕಾರದ ಕಡತದಲ್ಲಿ ಅದು ವಿಳಂಬ. ಅವನಿಗೆ ಅದೇ ಬದುಕು.

ನಮ್ಮ ದೊಡ್ಡಪ್ಪನ ವಿಷಯಕ್ಕೆ ಬರುತ್ತೇನೆ. ಕೊನೆಗೆ ಅವನನ್ನು ಬಾಗಲಕೋಟೆಯಲ್ಲಿ ಒಬ್ಬ ಮನೋವೈದ್ಯರಿಗೆ ತೋರಿಸಿದೆವು. ಅವರು ಅರ್ಧ ತಾಸು ಮಾತಾಡಿಸಿದರು. ಮನೆಯವರು ಅರಳುಮರಳು ಎಂದದ್ದು ಅರಳುಮರಳಲ್ಲ, ಖಿನ್ನತೆ ಎಂದರು. ಮುಪ್ಪಿನ ಖಿನ್ನತೆ ಅಳುವಾಗಿ ಬರುವುದು ಕಡಿಮೆ, ನೋವಾಗಿ, ನಿದ್ರೆಗೇಡಾಗಿ, ಮರೆವಾಗಿ ಬರುತ್ತದೆ. ಇದಕ್ಕೆ ಔಷಧಿ ಇದೆ, ಗುಣವಾಗುತ್ತದೆ ಎಂದರು. ಗುಳಿಗೆ ಕೊಟ್ಟರು. ಜೊತೆಗೆ ಒಂದು ಪ್ರಶ್ನೆಯ ಹಾಳೆ ತೆಗೆದು ಹೌದು, ಅಲ್ಲ ಎಂದು ಉತ್ತರ ಬರೆದುಕೊಂಡರು. ಆ ಹಾಳೆ ಅಮೆರಿಕದಲ್ಲಿ 1983ರ ಸುಮಾರಿಗೆ ವೃದ್ಧರಿಗೆಂದೇ ಸಿದ್ಧವಾದದ್ದು. ಮೊದಲು 30 ಪ್ರಶ್ನೆ ಇದ್ದದ್ದನ್ನು ಆಮೇಲೆ 15ಕ್ಕೆ ಇಳಿಸಿದರು. ಅದರಲ್ಲೊಂದು ಪ್ರಶ್ನೆ: ಹೊರಗೆ ಹೋಗಿ ಹೊಸದೇನಾದರೂ ಮಾಡುವುದಕ್ಕಿಂತ ಮನೆಯಲ್ಲೇ ಇರುವುದು ನಿಮಗೆ ಇಷ್ಟವೇ? ಹೌದು ಎಂದರೆ ಖಿನ್ನತೆಯ ಕಡೆಗೆ ಒಂದು ಅಂಕ. ದೊಡ್ಡಪ್ಪ ಬಹಳ ಹೊತ್ತು ಯೋಚಿಸಿ, “ಯಾವ ಮನಿ ಅಂತೀರಿ?” ಎಂದು ಕೇಳಿದ. ವೈದ್ಯರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಹಾಳೆಯಲ್ಲಿ ಆ ಉತ್ತರಕ್ಕೆ ಜಾಗವಿರಲಿಲ್ಲ. ಆದರೆ ಅವರು ಹಾಳೆ ಬದಿಗಿಟ್ಟು, “ನಿಮ್ಮ ಮನಿ ಹೆಂಗಿತ್ತು ಹೇಳ್ರಿ ಅಜ್ಜಾರ” ಎಂದು ಕೇಳಿದರು. ಅವನು ಹೇಳಿದ. ಎರಡು ವರ್ಷದಲ್ಲಿ ಅಷ್ಟು ಮಾತನ್ನು ನಾವು ಅವನ ಬಾಯಿಂದ ಕೇಳಿರಲಿಲ್ಲ.

ಗುಳಿಗೆಯಿಂದ ನಿದ್ರೆ ಬಂತು, ಒಂದೆರಡು ತಿಂಗಳಲ್ಲಿ ಊಟ ಸೇರಿತು. ಹಳೆಯ ಮನೆಯಿಂದ ತಂದು ಹಿತ್ತಲಲ್ಲಿ ಹಾಕಿದ್ದ ಎರಡು ತೊಲೆಗಳಿದ್ದವು. ತಮ್ಮಂದಿರು ಅವನ್ನು ತಂದು ಬಾಗಿಲ ಪಕ್ಕ ಕಲ್ಲಿನ ಮೇಲೆ ಜೋಡಿಸಿ, ಮೇಲೆ ಬೇವಿನ ಟೊಂಗೆಯ ಚಪ್ಪರ ಹಾಕಿದರು. ನಾಲ್ಕು ಅಡಿ ಅಗಲದ ಜಾಗ. ವಾರದೊಳಗೆ ಎದುರು ಮನೆಯ ಮುದುಕ ಅಲ್ಲಿಗೆ ಬಂದು ಕೂತ. ತಿಂಗಳೊಳಗೆ ನಾಲ್ವರಾದರು. ಗುಣವಾದದ್ದು ಗುಳಿಗೆಯಿಂದಲೋ ತೊಲೆಯಿಂದಲೋ ಎಂದು ಬೇರ್ಪಡಿಸಿ ಹೇಳಲು ನಾನು ವಿಜ್ಞಾನಿಯಲ್ಲ. ಎರಡೂ ಬೇಕಿದ್ದವು. ಗುಳಿಗೆ ಇಲ್ಲದೆ ಅವನು ಎದ್ದು ಹೊರಗೆ ಬರುತ್ತಿರಲಿಲ್ಲ. ತೊಲೆ ಇಲ್ಲದಿದ್ದರೆ ಎದ್ದು ಬಂದವನಿಗೆ ಕೂರಲು ಜಾಗವಿರುತ್ತಿರಲಿಲ್ಲ. ಅವನು ಆಮೇಲೆ ಐದು ವರ್ಷ ಬದುಕಿದ. ಆ ಐದು ವರ್ಷ ಜಗಳವೂ ಆಡಿದ.

ಈ ಚಿಕ್ಕ ಜಾಗದ ಮಹತ್ವವನ್ನು ದೊಡ್ಡವರೂ ಅರಿತಿದ್ದರು. ಬಾಗಲಕೋಟೆಯ ನವನಗರದ ಯೋಜನೆಯಲ್ಲಿ ಎಂಬತ್ತರ ದಶಕದಲ್ಲಿ ಕೈಜೋಡಿಸಿದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ ಇದನ್ನು ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಮನುಷ್ಯನಿಗೆ ಕೋಣೆಯೊಂದೇ ಸಾಲದು. ಕೋಣೆ, ಹೊಸ್ತಿಲ ಮುಂದಿನ ಜಾಗ, ನೀರಿನ ನಳದ ಹತ್ತಿರದ ಜಾಗ, ಊರ ಬಯಲು ಹೀಗೆ ನಾಲ್ಕು ಬಗೆಯ ಜಾಗ ಬೇಕು, ನಮ್ಮಂಥ ಬಿಸಿಲ ನಾಡಿನಲ್ಲಿ ಆಕಾಶ ಕಾಣುವ ಅಂಗಳವೂ ಒಂದು ಕೋಣೆಯೇ ಎಂಬುದು ಅವರ ವಿಚಾರ. ಕಾಗದದ ಮೇಲೆ ಇದ್ದದ್ದೆಲ್ಲ ನೆಲದ ಮೇಲೆ ಇಳಿಯುವುದಿಲ್ಲ. ನವನಗರ ಇಂದು ಅಗಲ ರಸ್ತೆಗಳ, ಗಿಡಮರಗಳ ಒಳ್ಳೆಯ ಪಟ್ಟಣವೇ. ಆದರೆ ಸೆಕ್ಟರು ನಂಬರಿನ ನಡುವೆ ಹಳೆಯ ಓಣಿಯ ಗೆಳೆಯನ ಮನೆ ಹುಡುಕುವುದು ಎಪ್ಪತ್ತೈದರ ಮುದುಕನಿಗೆ ಸುಲಭವಲ್ಲ. ಓಣಿಯ ಜನ ಒಟ್ಟಿಗೇ ಹೋದಲ್ಲಿ ಹಿರಿಯರು ಚೇತರಿಸಿಕೊಂಡರು, ಹರಿದು ಹಂಚಿ ಹೋದಲ್ಲಿ ಬಾಡಿದರು ಎಂಬುದು ನಾನು ಕಣ್ಣಾರೆ ಕಂಡದ್ದು.

ಬಡವರ ಮನೆಗಳ ಲೆಕ್ಕವನ್ನೂ ನೋಡಿ. 1985ರಲ್ಲಿ ಶುರುವಾದ ಇಂದಿರಾ ಆವಾಸ್ ಯೋಜನೆಯ ಮನೆಗೆ ಗೊತ್ತು ಮಾಡಿದ್ದು 20 ಚದರ ಮೀಟರು. 2016ರ ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಅದು 25 ಆಯಿತು, ಅಡಿಗೆಯ ಜಾಗವೂ ಸೇರಿ. ಹೊಗೆ ತುಂಬಿದ ಗುಡಿಸಲಿನಲ್ಲಿದ್ದವರಿಗೆ ಇದು ದೊಡ್ಡದೇ. ಹಾಗೆಂದು ಅದರೊಳಗೆ ಗಂಡ ಹೆಂಡತಿ, ಮೂರು ಮಕ್ಕಳು, ಒಲೆ, ಪೆಟ್ಟಿಗೆ ಇಟ್ಟ ಮೇಲೆ ಮುದುಕರ ಹೊರಸು ಎಲ್ಲಿ? 2009ರ ಅಕ್ಟೋಬರಿನ ನೆರೆಯಲ್ಲಿ ಉತ್ತರ ಕರ್ನಾಟಕ ಕೊಚ್ಚಿಹೋದ ಮೇಲೆ ದಾನಿಗಳ ನೆರವಿನಿಂದ ಆಸರೆ ಮನೆಗಳು ಎದ್ದವು. ಚಿಕ್ಕವು, ದನಕ್ಕೆ ಜಾಗವಿಲ್ಲ, ಹೊಲಕ್ಕೆ ದೂರ ಎಂದು ಹಲವು ಕಡೆ ಜನ ಹೋಗಲೇ ಇಲ್ಲ. ಕೆಲವೆಡೆ ದುಡಿಯುವವರು ಹಳೆಯ ಊರಲ್ಲೇ ಉಳಿದು, ಮುದುಕರನ್ನು ಹೊಸ ಮನೆ ಕಾಯಲು ಕಳಿಸಿದ್ದನ್ನು ಕಂಡಿದ್ದೇನೆ. ಸಾಲು ಮನೆಗಳ ನಡುವೆ ಒಂದೊಂದು ಬಾಗಿಲು ತೆರೆದಿರುತ್ತಿತ್ತು, ಒಳಗೊಂದು ಕೆಮ್ಮು ಕೇಳುತ್ತಿತ್ತು.

ಈಗ ದೇಶದ ಲೆಕ್ಕವೂ ಸಿಕ್ಕಿದೆ. 2017-18ರಲ್ಲಿ 45 ದಾಟಿದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ನಡೆಸಿದ, 2021ರಲ್ಲಿ ಹೊರಬಂದ ರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ ಅರವತ್ತು ದಾಟಿದವರಲ್ಲಿ ನೂರಕ್ಕೆ 8.3 ಮಂದಿಗೆ ಖಿನ್ನತೆ ಇರುವ ಸಾಧ್ಯತೆ ಇದೆ. ವೈದ್ಯರು ಗುರುತಿಸಿದ್ದಾರೆ ಎಂದು ಹೇಳಿಕೊಂಡವರು ಅದರ ಹತ್ತನೆಯ ಒಂದು ಪಾಲು. ಉಳಿದ ಒಂಬತ್ತು ಪಾಲು ಕೆಂಪು ಟಾನಿಕ್ಕು ಕುಡಿಯುತ್ತ “ಎದಿ ಭಾರ” ಎನ್ನುತ್ತಿರುವವರು. ಅವರ ಖಿನ್ನತೆಗೆಲ್ಲ ಮನೆಯೇ ಕಾರಣವೆಂದರೆ ಸುಳ್ಳಾದೀತು. ಗಂಡನೋ ಹೆಂಡತಿಯೋ ಹೋದ ದುಃಖ, ಕೈ ಖಾಲಿಯಾದದ್ದು, ಸಕ್ಕರೆ ಕಾಯಿಲೆ, ಲಕ್ವ, ಊರು ಬಿಟ್ಟ ಮಕ್ಕಳು, ಕಾರಣ ಬಹಳ. ಆದರೆ ಉಳಿದ ಎಲ್ಲ ದುಃಖಗಳೂ ಇಪ್ಪತ್ತನಾಲ್ಕು ತಾಸು ಕೂರುವುದು ಮನೆಯೊಳಗೇ. ಕಾದ ತಗಡು, ತಂಪೇರಿದ ಗೋಡೆ, ಬೆಳಕಿಲ್ಲದ ಮೂಲೆ, ಜಾರುವ ಬಚ್ಚಲು ಅವನ್ನು ಹೆಚ್ಚಿಸುತ್ತವೆ. ಒಂದು ಬೆಳಕಿಂಡಿ, ಒಂದು ಕಟ್ಟೆ ಅವನ್ನು ತುಸು ಇಳಿಸುತ್ತವೆ.

1894ರ ಭೂಸ್ವಾಧೀನ ಕಾಯ್ದೆಯ ಜಾಗಕ್ಕೆ 2013ರಲ್ಲಿ ಹೊಸ ಕಾಯ್ದೆ ಬಂದಿದೆ. ಪುನರ್ವಸತಿ ಎಂಬ ಶಬ್ದ ಅದರ ಹೆಸರಿನಲ್ಲೇ ಇದೆ. ಒಳ್ಳೆಯದು. ಮುಂದೆ ಮನೆ ಅಳೆಯಲು ಹೋಗುವ ಹುಡುಗರ ಪುಸ್ತಕದಲ್ಲಿ ನಾಲ್ಕು ಪ್ರಶ್ನೆ ಹೆಚ್ಚಿಗೆ ಇರಲಿ ಎಂಬುದಷ್ಟೇ ನನ್ನ ಕೋರಿಕೆ. ಈ ಮನೆಯಲ್ಲಿ ಅರವತ್ತು ದಾಟಿದವರು ಎಷ್ಟು ಮಂದಿ? ಹಗಲು ಅವರು ಎಲ್ಲಿ ಕೂರುತ್ತಾರೆ? ರಾತ್ರಿ ಎದ್ದರೆ ಪಾಯಖಾನೆ ಎಷ್ಟು ಹೆಜ್ಜೆ? ಕೂತಲ್ಲಿಂದ ಅವರಿಗೆ ಯಾರ ಮುಖ ಕಾಣುತ್ತದೆ? ಇದಕ್ಕೆ ಹೆಚ್ಚಿನ ಖರ್ಚಿಲ್ಲ, ನಾಲ್ಕು ಅಡಿ ಕಲ್ಲಿನ ಕೆಲಸ ಸಾಕು.

ಹೊಸ ಮನೆ ಕಟ್ಟುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ನಕ್ಷೆ ತಂದು ತೋರಿಸುತ್ತಾರೆ. ದೇವರ ಕೋಣೆ, ಕಾರು ನಿಲ್ಲಿಸುವ ಜಾಗ, ಮಕ್ಕಳ ಓದಿನ ಕೋಣೆ ಎಲ್ಲ ಇರುತ್ತವೆ. ನಾನು ಪೆನ್ಸಿಲು ತಗೊಂಡು ಬಾಗಿಲ ಪಕ್ಕ ಒಂದು ಗೆರೆ ಎಳೆಯುತ್ತೇನೆ. “ಇದು ಯಾರಿಗ್ರೀ ಸರ್?” ಎಂದು ಕೇಳುತ್ತಾರೆ. “ಈಗ ನಿಮ್ಮ ಅವ್ವಗ, ಆಮ್ಯಾಲೆ ನಿನಗ” ಎನ್ನುತ್ತೇನೆ.